ಯಾವ ಅಪ್‌ಡೇಟ್ ಈಗಲೇ, ಯಾವುದು ಆಮೇಲೆ?

2023ರ ಆಗಸ್ಟ್ 5ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕಲಬುರಗಿಯಲ್ಲಿ ಉಚಿತ ವಿದ್ಯುತ್ತಿನ ‘ಗೃಹಜ್ಯೋತಿ’ ಯೋಜನೆಗೆ ಚಾಲನೆ ಕೊಟ್ಟರು. ಆ ತಿಂಗಳು ಜೆಸ್ಕಾಂ ಮೀಟರ್ ರೀಡರ್ ಹರಿದು ಕೈಗಿತ್ತ ಚೀಟಿಯಲ್ಲಿ ಲಕ್ಷಾಂತರ ಮನೆಗಳಿಗೆ ಕಟ್ಟಬೇಕಾದ ಮೊತ್ತ ಸೊನ್ನೆ. ವೇದಿಕೆಯ ಮಾತು ನೆನಪಿಟ್ಟವರು ಬಹಳ ಮಂದಿ. ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೆ ಸೇರಿದ ಹೊಸ ಲೆಕ್ಕದ ಬಗ್ಗೆ ಮಾತಾಡಿದವರು ಕಡಿಮೆ. ಗ್ರಾಹಕರ 2022–23ರ ತಿಂಗಳ ಸರಾಸರಿ ಎಷ್ಟು, ಅದಕ್ಕೆ ಶೇ 10 ಸೇರಿಸಿದರೆ ಎಷ್ಟು, ಈ ತಿಂಗಳ ಬಳಕೆ ಅದರೊಳಗಿದೆಯೇ, 200 ಯೂನಿಟ್ ದಾಟಿತೇ? ಇಷ್ಟನ್ನೂ ನೋಡಿಯೇ ಚೀಟಿ ಹೊರಬರಬೇಕಿತ್ತು. ಐದಾರು ತಿಂಗಳಲ್ಲೇ ತಿದ್ದುಪಡಿಯೂ ಬಂತು. ತಿಂಗಳಿಗೆ 20 ಯೂನಿಟ್ ಸುಡುವ ಬಡವರ ಮನೆಗೆ ಶೇ 10 ಎಂದರೆ ಬರೀ 2 ಯೂನಿಟ್ ಹೆಚ್ಚುವರಿ. ಹಾಗಾಗಿ 2024ರ ಜನವರಿಯಲ್ಲಿ ಸಚಿವ ಸಂಪುಟ, ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಕೊಡಲು ತೀರ್ಮಾನಿಸಿತು. ಆ ಮನೆಯ ಮಿತಿ 22ರಿಂದ 30ಕ್ಕೆ ಏರಿತು. ಸಾಫ್ಟ್‌ವೇರ್ ಮಂದಿಯ ಲೆಕ್ಕದಲ್ಲಿ ಮೊದಲನೆಯದು ಫೀಚರ್ ಅಪ್‌ಡೇಟ್, ಎರಡನೆಯದು ಅದರ ಮೇಲೆ ಬಂದ ಸಣ್ಣ ತಿದ್ದುಪಡಿ.

ಗೃಹಜ್ಯೋತಿಗೂ ಎರಡು ತಿಂಗಳ ಮೊದಲು, 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದಾಗ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಂಡಕ್ಟರ್‌ಗಳ ಟಿಕೆಟ್ ಮಷೀನಿಗೂ ಇಂಥದೇ ಹೊಸ ಕೆಲಸ ಬಂತು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರಕ್ಕೆ ಹೊರಟ ಹೆಣ್ಣುಮಗಳಿಗೂ ಟಿಕೆಟ್ ಹರಿಯಲೇಬೇಕು, ಆದರೆ ದರ ಸೊನ್ನೆ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬ ಲೆಕ್ಕ ಮಾತ್ರ ಉಳಿಯಬೇಕು, ಏಕೆಂದರೆ ಆ ಹಣವನ್ನು ನಿಗಮಕ್ಕೆ ತುಂಬಿಕೊಡಬೇಕಾದದ್ದು ಸರ್ಕಾರ. 2025ರ ಜನವರಿ 5ರಿಂದ ಬಸ್ ದರ ಶೇ 15 ಏರಿತಲ್ಲ, ಆಗ ಅದೇ ಮಷೀನಿನಲ್ಲಿ ಬದಲಾಗಬೇಕಿದ್ದದ್ದು ದರಪಟ್ಟಿಯಷ್ಟೇ. ಹೊಸ ಸೌಲಭ್ಯ ಸೇರಲಿಲ್ಲ, ಇದ್ದ ದೋಷ ತಿದ್ದಿದ್ದೂ ಅಲ್ಲ, ಒಳಗಿನ ಮಾಹಿತಿ ಮಾತ್ರ ಹೊಸದಾಯಿತು. ಇದು ಮತ್ತೊಂದು ಬಗೆ.

ಇಷ್ಟು ಬಗೆಗಳಿದ್ದರೂ ಪರದೆಯ ಮೇಲೆ ಮೂಡುವ ಸೂಚನೆ ಎಲ್ಲಕ್ಕೂ ಒಂದೇ ಥರ: ‘ಅಪ್‌ಡೇಟ್ ಲಭ್ಯವಿದೆ’. ತೊಂದರೆ ಶುರುವಾಗುವುದೇ ಇಲ್ಲಿಂದ. ಕಲಬುರಗಿಯ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆಯ ಝೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ, ಕಮಲಾಪುರದ ಆನ್‌ಲೈನ್ ಸೆಂಟರ್‌ಗಳಲ್ಲಿ ವಿಚಾರಿಸಿದರೆ ಬರುವ ಉತ್ತರ ಬಹುತೇಕ ಹೀಗೇ ಇರುತ್ತದೆ: ‘ಅಪ್‌ಡೇಟ್ ಬಂದ್ ಮಾಡಿ ಇಟ್ಟೀವ್ರಿ ಸರ. ಹೊಡದ್ರ ಪ್ರಿಂಟರ್ ಕೈ ಕೊಡ್ತದ.’ ಈ ಮಾತನ್ನು ಅಜ್ಞಾನ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಅದರ ಹಿಂದೆ ನಿಜವಾದ ಅನುಭವವಿದೆ.

2021ರ ಸೆಪ್ಟೆಂಬರ್ 14ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಕಂತಿನ ಅಪ್‌ಡೇಟ್ ಹಾಕಿಕೊಂಡ ಮರುದಿನ, ಜಗತ್ತಿನ ಸಣ್ಣ ಕಚೇರಿಗಳಲ್ಲಿ ಪ್ರಿಂಟರ್‌ಗಳು ನಿಂತುಹೋದವು. ಒಂದು ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿ, ಉಳಿದ ಮೂರು–ನಾಲ್ಕು ಕಂಪ್ಯೂಟರುಗಳಿಂದ ಅದೇ ಪ್ರಿಂಟರಿಗೆ ಕಳಿಸುವುದು ನಮ್ಮ ಕಡೆಯ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಮಾಮೂಲು. ಆ ಹಂಚಿಕೆಯೇ ಕೈಕೊಟ್ಟಿತು. ‘11ಬಿ’ ಎಂದು ಕೊನೆಯಾಗುವ ಎರರ್ ಸಂಖ್ಯೆ ಪರದೆಯ ಮೇಲೆ ಬಂತು. ನಡೆದದ್ದು ಇಷ್ಟು: ಪ್ರಿಂಟರ್ ಹಂಚಿಕೊಳ್ಳುವ ಹಳೆಯ ವಿಧಾನದಲ್ಲಿ ಹೊರಗಿನವರು ನುಸುಳಬಹುದಾದ ದೋಷವಿತ್ತು. ಅದಕ್ಕೆ ಜನವರಿಯಲ್ಲೇ ಪ್ಯಾಚ್ ಬಂದಿತ್ತು, ಸೆಪ್ಟೆಂಬರ್ ಕಂತು ಆ ಕಟ್ಟುಪಾಡನ್ನು ಕಡ್ಡಾಯ ಮಾಡಿತು. ಪ್ರಿಂಟರ್ ಇರುವ ಯಂತ್ರಕ್ಕೂ ಅದನ್ನು ಬಳಸುವ ಯಂತ್ರಗಳಿಗೂ ಪ್ಯಾಚ್ ಇರಬೇಕು ಎಂಬುದು ಮೈಕ್ರೋಸಾಫ್ಟ್ ಸೂಚನೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟ ಕಡೆ ಪ್ರಿಂಟರ್ ಹಟ ಹಿಡಿಯಿತು.

ಎದುರಿಗೆ ಅರ್ಜಿದಾರರು ನಿಂತಿದ್ದಾರೆ, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿಗೆ ಅಂದೇ ಕೊನೆಯ ದಿನ. ಅಂಗಡಿಯವರು ಏನು ಮಾಡಬೇಕು? ಯೂಟ್ಯೂಬ್ ನೋಡಿ ಆ ಅಪ್‌ಡೇಟ್ ಕಿತ್ತುಹಾಕಿದರು. ಪ್ರಿಂಟರ್ ಓಡಿತು. ಆದರೆ ಅವರಿಗೆ ಯಾರೂ ಹೇಳದ ವಿಷಯ ಒಂದಿತ್ತು. ವಿಂಡೋಸ್ 10 ಬಂದಾಗಿನಿಂದ ತಿಂಗಳ ಅಪ್‌ಡೇಟ್ ಬರುವುದು ಇಡೀ ಗಂಟಾಗಿ. ಇದನ್ನು ಕ್ಯುಮುಲೇಟಿವ್ ಅಪ್‌ಡೇಟ್ ಎನ್ನುತ್ತಾರೆ. ಹಿಂದಿನ ತಿಂಗಳುಗಳ ತಿದ್ದುಪಡಿಗಳೂ ಈ ತಿಂಗಳಿನವೂ ಅದರಲ್ಲಿ ಸೇರಿರುತ್ತವೆ. ಒಂದೆರಡು ವರ್ಷ ಮುಚ್ಚಿಟ್ಟಿದ್ದ ಕಂಪ್ಯೂಟರನ್ನು ತೆರೆದು ಕೊನೆಯದೊಂದನ್ನು ಹಾಕಿದರೂ ಸಾಕು, ಹಿಂದಿನದೆಲ್ಲ ಬಂದುಬಿಡುತ್ತದೆ. ಅನುಕೂಲ ಅದು. ಅನನುಕೂಲವೂ ಅಲ್ಲೇ ಇದೆ: ಪ್ರಿಂಟರಿಗೆ ತೊಂದರೆ ಕೊಟ್ಟ ಒಂದೇ ತಿದ್ದುಪಡಿಯನ್ನು ಬೇರ್ಪಡಿಸಿ ತೆಗೆಯಲು ಬರುವುದಿಲ್ಲ. ಗಂಟು ಕಿತ್ತರೆ ಆ ತಿಂಗಳ ಹತ್ತಾರು ಭದ್ರತಾ ಪ್ಯಾಚ್‌ಗಳೂ ಜೊತೆಗೇ ಹೋಗುತ್ತವೆ. ಪ್ರಿಂಟರ್ ಉಳಿಸಿಕೊಳ್ಳಲು ಹೋದವರು ಮನೆಯ ಎಲ್ಲ ಬಾಗಿಲುಗಳ ಬೀಗ ತೆಗೆದಂತಾಯಿತು.

ಭದ್ರತಾ ಪ್ಯಾಚ್ ಎಂದರೇನು, ಅದನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ 2017ರ ‘ವಾನಾಕ್ರೈ’ಗಿಂತ ಸ್ಪಷ್ಟವಾದ ಪಾಠ ಇನ್ನೊಂದಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ಭಾಗದ ದೋಷವೊಂದಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ಪ್ಯಾಚ್ ಕೊಟ್ಟಿತು. ಸರಿಯಾಗಿ ಒಂದು ತಿಂಗಳಿಗೆ ಆ ದೋಷವನ್ನು ಬಳಸುವ ಆಯುಧ ಅಂತರ್ಜಾಲದಲ್ಲಿ ಬಹಿರಂಗವಾಯಿತು. ಮೇ 12ರಂದು ವಾನಾಕ್ರೈ ಹರಡಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಪ್ಯಾಚ್ ಇಲ್ಲದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹಬ್ಬಿ, ಕಡತಗಳಿಗೆಲ್ಲ ಬೀಗ ಜಡಿದು, ಹಣ ಕೇಳಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ನಮ್ಮ ನೆರೆಯಲ್ಲಿ, ಮೈಸೂರು–ಕೊಡಗಿಗೆ ಹೊಂದಿಕೊಂಡ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳೂ ಅದರ ಬಾಯಿಗೆ ಬಿದ್ದವು. ಒಂದು ಹಳ್ಳಿಯ ಪಂಚಾಯಿತಿ ಕಚೇರಿ! ದೊಡ್ಡವರನ್ನಷ್ಟೇ ಹುಡುಕಿಕೊಂಡು ಬರುತ್ತಾರೆ, ನಮ್ಮಂಥವರ ಕಂಪ್ಯೂಟರಿನಲ್ಲಿ ಏನಿದೆ ಎನ್ನುವ ಮಾತು ಅಲ್ಲಿಗೇ ಮುಗಿಯಬೇಕು.

ಮಾರ್ಚ್ 14ರಿಂದ ಮೇ 12ರ ನಡುವೆ ಇದ್ದದ್ದು ಸುಮಾರು ಎರಡು ತಿಂಗಳು. ಪ್ಯಾಚ್ ಹಾಕಿಕೊಳ್ಳಲು ಅಷ್ಟು ಸಮಯವಿತ್ತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪ್ಯಾಚ್ ಹೊರಬಿದ್ದ ದಿನವೇ ದೋಷ ಎಲ್ಲಿತ್ತು ಎಂಬುದೂ ಜಗಜ್ಜಾಹೀರಾಗುತ್ತದೆ. ಹಳೆಯ ಫೈಲ್, ಹೊಸ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡಿದರೆ ತಿಳಿದವರಿಗೆ ದೋಷದ ಜಾಗ ಸಿಗುತ್ತದೆ. ಆದ್ದರಿಂದ ಭದ್ರತಾ ಪ್ಯಾಚ್ ಬಂದ ಮೇಲೆ ಅದನ್ನು ಹಾಕದ ಯಂತ್ರ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಭದ್ರತಾ ಪ್ಯಾಚ್‌ಗಳನ್ನು ತಿಂಗಳಿಗೊಮ್ಮೆ, ಎರಡನೇ ಮಂಗಳವಾರ ಬಿಡುತ್ತ ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ನಮಗೆ ರಾತ್ರಿ 10.30, ಅಲ್ಲಿ ಚಳಿಗಾಲವಾದರೆ 11.30. ಹಾಗಾಗಿ ಕಲಬುರಗಿಯ ಕಚೇರಿಗಳಿಗೆ ಅದು ಸಿಗುವುದು ಬುಧವಾರ ಮುಂಜಾನೆ. ಕಚೇರಿ ತೆರೆದು ಕಂಪ್ಯೂಟರ್ ಹಾಕಿದೊಡನೆ ‘ದಯವಿಟ್ಟು ಕಾಯಿರಿ’ ಎಂದು ಗೋಳ ತಿರುಗುತ್ತ ಕೂರುವುದು ಈ ಕಾರಣಕ್ಕೆ. ಮಂಗಳವಾರದವರೆಗೆ ಕಾಯಲು ಆಗದಷ್ಟು ಗಂಡಾಂತರವಿದ್ದರೆ ನಡುವೆಯೇ ತುರ್ತು ಪ್ಯಾಚ್ ಬಿಡುತ್ತಾರೆ. 2021ರ ಜುಲೈ 6ರಂದು ಪ್ರಿಂಟರ್ ಸ್ಪೂಲರ್ ದೋಷಕ್ಕೆ ಹಾಗೆ ಬಿಟ್ಟರು. ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಅದನ್ನು ಕೊಟ್ಟರು ಎಂದರೆ ಅಪಾಯ ಎಷ್ಟಿತ್ತು ಎಂದು ಊಹಿಸಿಕೊಳ್ಳಿ. ಇನ್ನು ತಿಂಗಳ ಕೊನೆಯ ಹೊತ್ತಿಗೆ ‘ಪ್ರಿವ್ಯೂ’ ಎಂಬ ಹೆಸರಿನಲ್ಲಿ ಬರುವುದು ಮುಂದಿನ ಕಂತಿನ ಭದ್ರತೆಯಲ್ಲದ ತಿದ್ದುಪಡಿಗಳ ರುಚಿ ನೋಡುವುದಕ್ಕೆ. ಅಂಗಡಿ, ಕಚೇರಿಯವರು ಅದನ್ನು ಮುಟ್ಟಬೇಕಾಗಿಯೇ ಇಲ್ಲ.

ಭದ್ರತೆಗೆ ಸಂಬಂಧವಿಲ್ಲದ ತಿದ್ದುಪಡಿಗಳೂ ನಮ್ಮ ಬದುಕನ್ನು ಮುಟ್ಟುತ್ತವೆ. ರೂಪಾಯಿಯ ಹೊಸ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2010ರ ಜುಲೈ 15ರಂದು. ಅದೇ ಅಕ್ಟೋಬರಿನಲ್ಲಿ ಯುನಿಕೋಡ್ ಅದಕ್ಕೊಂದು ಜಾಗ ಕೊಟ್ಟಿತು. 2011ರಲ್ಲಿ ವಿಂಡೋಸ್‌ಗೆ ಪ್ರತ್ಯೇಕ ಅಪ್‌ಡೇಟ್ ಬಂದ ಮೇಲೆಯೇ ಅಂಗಡಿಯ ಬಿಲ್ಲಿನಲ್ಲಿ ₹ ಮೂಡಿತು. ಹಾಕಿಕೊಳ್ಳದವರಿಗೆ ಆ ಜಾಗದಲ್ಲಿ ಖಾಲಿ ಚೌಕ. 2018ರ ಫೆಬ್ರುವರಿಯಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ತೆಲುಗಿನ ‘ಜ್ಞಾ’ ಅಕ್ಷರವಿರುವ ಸಂದೇಶ ಬಂದರೆ ಸಾಕು, ಅದನ್ನು ತೋರಿಸುವ ಐಫೋನ್ ಆ್ಯಪ್ ಕುಸಿದು ಬೀಳುತ್ತಿತ್ತು. ಒತ್ತಕ್ಷರವನ್ನು ಪರದೆಯ ಮೇಲೆ ಕಟ್ಟುವ ಕೆಲಸದಲ್ಲಿ ಆಗಿದ್ದ ತಪ್ಪು ಅದು. ಫೆಬ್ರುವರಿ 19ರಂದು ಆ್ಯಪಲ್ 11.2.6 ಸಂಖ್ಯೆಯ ಅಪ್‌ಡೇಟ್ ಬಿಟ್ಟು ಸರಿಪಡಿಸಿತು. ಆ ಮೂರನೆಯ ಅಂಕಿಯನ್ನು ನೋಡಿ: ಮೊದಲ ಅಂಕಿ ಬದಲಾದರೆ ದೊಡ್ಡ ಆವೃತ್ತಿ, ನಡುವಿನದು ಬದಲಾದರೆ ಒಂದಷ್ಟು ಹೊಸ ಸೌಲಭ್ಯ, ಕೊನೆಯದು ಬದಲಾದರೆ ತಿದ್ದುಪಡಿ. ಎಲ್ಲ ಕಂಪನಿಗಳೂ ಈ ಕ್ರಮ ಪಾಲಿಸುವುದಿಲ್ಲ, ಆದರೂ ಕೊನೆಯ ಅಂಕಿಯ ಬದಲಾವಣೆಗೆ ಹೆದರಬೇಕಾದ ಪ್ರಸಂಗ ಕಡಿಮೆ.

ಸೂಪರ್ ಮಾರ್ಕೆಟ್ ವ್ಯಾಪಾರಿಗಳಿಗೆ ಇನ್ನೊಂದು ಬಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಮುಂದೂಡಿದರೆ ದಂಡ ಬೀಳುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ಮತ್ತೆ 2025ರ ಸೆಪ್ಟೆಂಬರ್ 22ರಂದು ಶೇ 12 ಮತ್ತು ಶೇ 28ರ ಹಂತಗಳು ಹೋಗಿ ದರಗಳು ಬದಲಾದಾಗ, ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸದು ಮಾಡಿಕೊಳ್ಳದೆ ಅಂಗಡಿ ಬಾಗಿಲು ತೆರೆಯುವಂತಿರಲಿಲ್ಲ. ಕಾನೂನು ಬದಲಾದಾಗ ಬರುವ ಅಪ್‌ಡೇಟ್‌ಗೆ ಲೆಕ್ಕಿಗರಿಗೆ ಫೋನು ಮಾಡಿ ಅದೇ ದಿನ ಕರೆಸಿಕೊಳ್ಳುವ ನಮ್ಮ ವ್ಯಾಪಾರಿಗಳು, ಭದ್ರತಾ ಪ್ಯಾಚ್‌ಗೂ ಆ ಅವಸರದ ಕಾಲು ಭಾಗ ತೋರಿಸಿದರೂ ಸಾಕು.

ಕಮಲಾಪುರಕ್ಕೆ ಬರೋಣ. ಕೆಂಪು ಬಾಳೆಗೆ ಹೆಸರಾಗಿ, ಅದಕ್ಕೆ ಭೌಗೋಳಿಕ ಸೂಚ್ಯಂಕವನ್ನೂ ಪಡೆದ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಅವುಗಳ ಸುತ್ತ ಆನ್‌ಲೈನ್ ಸೆಂಟರ್‌ಗಳೂ ಬಂದವು. ಪಹಣಿ, ಬೆಳೆ ವಿಮೆ, ಪಿಎಂ–ಕಿಸಾನ್ ಇ–ಕೆವೈಸಿ, ಪಡಿತರ ಚೀಟಿ ಎಲ್ಲಕ್ಕೂ ರೈತರು ಬರುವುದು ಇಲ್ಲಿಗೇ. ಮೇಜಿನ ಮೇಲೆ ಒಂದು ಪುಟ್ಟ ಥಂಬ್ ಮಷೀನ್, ಅದರ ಗಾಜಿನ ಮೇಲೆ ಹೆಬ್ಬೆಟ್ಟು. ಈ ಪುಟ್ಟ ಯಂತ್ರದಲ್ಲೇ ಮೂರು ಬೇರೆ ಬೇರೆ ಅಪ್‌ಡೇಟ್‌ಗಳು ಅಡಗಿವೆ. ಯಂತ್ರದ ಒಳಗಿನ ಚಿಪ್‌ನಲ್ಲೇ ಕೂತಿರುವ ಫರ್ಮ್‌ವೇರ್ ಒಂದು. ಕಂಪ್ಯೂಟರ್ ಆ ಯಂತ್ರವನ್ನು ಗುರುತಿಸಲು ಬೇಕಾದ ಡ್ರೈವರ್ ಇನ್ನೊಂದು. ಹೆಬ್ಬೆಟ್ಟಿನ ಗುರುತನ್ನು ಗೂಢಲಿಪಿ ಮಾಡಿ ಆಧಾರ್ ಕಡೆಗೆ ಕಳಿಸುವ ‘ಆರ್‌ಡಿ ಸರ್ವೀಸ್’ ಮೂರನೆಯದು. ಅದಕ್ಕೆ ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸುವುದೂ ಇದೆ. ಈ ಮೂರರಲ್ಲಿ ಒಂದು ಹೊಸದಾಗಿ ಇನ್ನೊಂದು ಹಳತಾಗಿ ಉಳಿದರೆ ಥಂಬ್ ತೆಗೆದುಕೊಳ್ಳುವುದಿಲ್ಲ. ರೈತರಿಗೆ ಸಿಗುವ ಉತ್ತರ ಮಾತ್ರ ಒಂದೇ: ‘ಸರ್ವರ್ ಡೌನ್ ಅದರಿ, ನಾಳಿ ಬರ್ರಿ.’

ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಮೇಜಿನ ಮೇಲಿನ ಡ್ರೈವರ್ ಹಳತಾಗಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ವಾಪಸು ಕಳಿಸುವ ಮುನ್ನ ಯಾವುದು ಕೆಟ್ಟಿದೆ ಎಂದು ನೋಡುವಷ್ಟು ತಿಳಿವಳಿಕೆ ಸೆಂಟರ್ ನಡೆಸುವವರಿಗೆ ಕೊಡಬೇಕಾದದ್ದು ಇಲಾಖೆಗಳ ಜವಾಬ್ದಾರಿ. ಅವರಿಗೆ ಲಾಗಿನ್ ಕೊಟ್ಟು, ಗುರಿ ಕೊಟ್ಟು, ತರಬೇತಿ ಕೊಡದೆ ಬಿಡುವುದು ಅನ್ಯಾಯ.

ಡ್ರೈವರ್, ಫರ್ಮ್‌ವೇರ್ ವಿಷಯದಲ್ಲಿ ನನ್ನ ಸಲಹೆ ಭದ್ರತಾ ಪ್ಯಾಚ್‌ಗೆ ತದ್ವಿರುದ್ಧ. ಯಂತ್ರ ಸರಿಯಾಗಿ ನಡೆಯುತ್ತಿದ್ದರೆ, ತಯಾರಕರು ಭದ್ರತೆಯ ಕಾರಣ ಹೇಳದಿದ್ದರೆ, ಅವಸರ ಬೇಡ. ಅದರಲ್ಲೂ ಕಂಪ್ಯೂಟರಿನ ಬಯೋಸ್ ಅಪ್‌ಡೇಟ್. ಅದು ನಡೆಯುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಸತ್ತುಹೋಗಬಹುದು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಹೊತ್ತು ಕರೆಂಟಿನ ಭರವಸೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿದೆ. ಯುಪಿಎಸ್ ಬ್ಯಾಟರಿ ಗಟ್ಟಿ ಇಲ್ಲದೆ ಬಯೋಸ್ ಮುಟ್ಟಬೇಡಿ. ಮನೆಯ, ಅಂಗಡಿಯ ವೈಫೈ ರೂಟರ್ ಮಾತ್ರ ಬೇರೆ ಮಾತು. ಅದು ಸದಾ ಹೊರ ಜಗತ್ತಿಗೆ ತೆರೆದಿರುವ ಪೆಟ್ಟಿಗೆ, ಕೊಂಡು ತಂದ ದಿನದಿಂದ ಯಾರೂ ಅದರ ಫರ್ಮ್‌ವೇರ್ ಕಡೆ ತಿರುಗಿ ನೋಡಿರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ನೋಡಿ.

ಎಲ್ಲವನ್ನೂ ತಕ್ಷಣ, ಎಲ್ಲ ಯಂತ್ರಕ್ಕೂ ಒಟ್ಟಿಗೇ ಹಾಕುವುದೂ ಅಪಾಯವೇ ಎಂದು ಕಲಿಸಿದ್ದು 2024ರ ಜುಲೈ 19. ಆ ಶುಕ್ರವಾರ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ಸಣ್ಣ ಫೈಲ್ ಕಳಿಸಿತು. ಹೊಸ ಬಗೆಯ ದಾಳಿಗಳನ್ನು ಗುರುತಿಸುವ ಮಾಹಿತಿ ಅದರಲ್ಲಿತ್ತು. ಆ್ಯಂಟಿವೈರಸ್‌ಗೆ ದಿನಕ್ಕೆ ಹಲವು ಬಾರಿ ಬರುವ ‘ಡೆಫಿನಿಷನ್’ ಜಾತಿಯದೇ ಇದು. ಫೈಲ್ 21 ಅಂಶಗಳನ್ನು ನೋಡು ಎಂದು ಹೇಳುತ್ತಿತ್ತು; ಅದನ್ನು ಓದುವ ಕಡೆ ಇದ್ದದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ವಿಂಡೋಸ್ ಕುಸಿಯಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಕುಸಿತ, ನೀಲಿ ಪರದೆ. ಕಂಪನಿ 78 ನಿಮಿಷದಲ್ಲಿ ತಪ್ಪು ಫೈಲ್ ಹಿಂಪಡೆಯಿತು. ಅಷ್ಟರೊಳಗೆ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳು ನೆಲ ಕಚ್ಚಿದ್ದವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಚೆಕ್–ಇನ್ ನಿಂತು ಸಾಲುಗಳು ಬೆಳೆದವು. ಬಹಳ ಕಡೆ ಪ್ರತಿ ಕಂಪ್ಯೂಟರಿನ ಮುಂದೆ ಒಬ್ಬ ಮನುಷ್ಯ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಒಂದು ಫೈಲನ್ನು ಕೈಯಿಂದ ಅಳಿಸಬೇಕಾಯಿತು.

ಅದರ ಬಳಿಕ ಆ ಕಂಪನಿ ಮಾಡಿಕೊಂಡ ಬದಲಾವಣೆಗಳಲ್ಲಿ ಮುಖ್ಯವಾದದ್ದು: ಇಂಥ ಫೈಲುಗಳನ್ನೂ ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ, ನೋಡಿ, ಆಮೇಲೆ ಎಲ್ಲರಿಗೂ ಬಿಡುವುದು. ನಮ್ಮ ಜಿಲ್ಲೆಯ ಕಚೇರಿಗಳಿಗೂ ಬೇಕಾದದ್ದು ಇದೇ. ಮಂಗಳವಾರ ರಾತ್ರಿ ಬಂದ ಪ್ಯಾಚನ್ನು ಬುಧವಾರ ಕಲಬುರಗಿಯ ಜಿಲ್ಲಾ ಕಚೇರಿಯ ಮೂರು ಕಂಪ್ಯೂಟರುಗಳಿಗೆ ಹಾಕಲಿ. ಅವುಗಳಲ್ಲಿ ಒಂದಕ್ಕೆ ಪ್ರಿಂಟರ್ ಇರಲಿ, ಇನ್ನೊಂದಕ್ಕೆ ಥಂಬ್ ಮಷೀನ್ ಇರಲಿ, ಮತ್ತೊಂದರಲ್ಲಿ ನುಡಿ ಮತ್ತು ಹಳೆಯ ಪೇಜ್‌ಮೇಕರ್ ಇರಲಿ. ಎರಡು ದಿನ ಮಾಮೂಲಿ ಕೆಲಸ ಮಾಡಿ ನೋಡಲಿ. ಶುಕ್ರವಾರ ಸಂಜೆ ಕಮಲಾಪುರ, ಆಳಂದ, ಚಿಂಚೋಳಿ ಸೇರಿ ಎಲ್ಲ ತಾಲ್ಲೂಕಿಗೂ ಹೋಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಹೊಣೆ ಹೊತ್ತ ಒಬ್ಬರ ಹೆಸರು, ಯಾವ ಯಂತ್ರಕ್ಕೆ ಯಾವಾಗ ಹಾಕಿದೆವು ಎಂದು ಬರೆದಿಡುವ ಒಂದು ರಿಜಿಸ್ಟರ್, ಹಾಕುವ ಮುನ್ನ ಕಡತಗಳ ಒಂದು ಬ್ಯಾಕಪ್ ಸಾಕು.

ಹೊಣೆ ಯಾರದು ಎಂಬುದು ಸಣ್ಣ ಪ್ರಶ್ನೆಯಲ್ಲ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ–ಎಡ್ಜ್ ಸಂಸ್ಥೆಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಯಿತು. ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ನಿಂತಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವರದಿ ಪ್ರಕಾರ, ದಾಳಿ ಶುರುವಾದದ್ದು ಸಿ–ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಸಂಸ್ಥೆಯ ‘ಜೆಂಕಿನ್ಸ್’ ಸರ್ವರ್‌ನಿಂದ. ಅಲ್ಲಿ ಬಳಕೆಯಾದ ದೋಷಕ್ಕೆ ಅದೇ ವರ್ಷದ ಜನವರಿ 24ರಂದೇ ಪ್ಯಾಚ್ ಬಂದಿತ್ತು. ಬ್ಯಾಂಕಿಗೆ ಸೇವೆ ಕೊಡುವವರು, ಅವರಿಗೆ ಸೇವೆ ಕೊಡುವವರು, ಹೀಗೆ ಸರಪಳಿಯ ಮೂರನೇ ಕೊಂಡಿಯಲ್ಲಿ ಆರು ತಿಂಗಳು ಬಿಟ್ಟ ಒಂದು ಪ್ಯಾಚ್‌ಗೆ, ಎಟಿಎಂ ಮುಂದೆ ಕಾರ್ಡ್ ಹಿಡಿದು ನಿಂತ ಗ್ರಾಮೀಣ ಗ್ರಾಹಕ ಬೆಲೆ ತೆತ್ತ.

ಹಾಗೆಂದು ಪ್ಯಾಚ್ ಎಲ್ಲಕ್ಕೂ ಮದ್ದಲ್ಲ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಕುಂಟಿದಾಗ ನಡೆದದ್ದು ನಕಲಿ ಖಾತೆಗಳಿಂದ ಏಕಕಾಲಕ್ಕೆ ಹುಚ್ಚುಹೊಳೆಯಂತೆ ವಿನಂತಿಗಳನ್ನು ಹರಿಸಿ ಸರ್ವರ್ ಉಸಿರುಗಟ್ಟಿಸುವ ದಾಳಿ. ಅದನ್ನು ತಡೆಯುವ ದಾರಿ ಬೇರೆ. ಇನ್ನು ಅಪ್‌ಡೇಟ್ ವೇಷದಲ್ಲಿ ಬರುವ ವಿಷವೂ ಇದೆ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ಸಾಫ್ಟ್‌ವೇರ್ ಒಂದರ ಅಪ್‌ಡೇಟ್ ಸರ್ವರಿಗೇ ಕನ್ನ ಹಾಕಿ ದಾಳಿಕೋರರು ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಹರಡಿದರು. ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ಅದರಿಂದ ಸ್ಥಗಿತವಾಯಿತು. ಅಂಥದ್ದು ಅಪರೂಪ. ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲದ್ದು ಬೇರೊಂದಿದೆ: ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಪಿಎಂ ಕಿಸಾನ್ ಅಪ್‌ಡೇಟ್’, ‘ಬ್ಯಾಂಕ್ ಕೆವೈಸಿ ಅಪ್‌ಡೇಟ್’, ‘ವಾಹನ ಚಲನ್’ ಎಂಬ ಹೆಸರಿನ ಎಪಿಕೆ ಫೈಲುಗಳು. ಒತ್ತಿದರೆ ಫೋನಿನ ಎಸ್‌ಎಂಎಸ್, ಒಟಿಪಿ ಎಲ್ಲ ಪರರ ಪಾಲು. ನಿಜವಾದ ಅಪ್‌ಡೇಟ್ ಎಂದೂ ವಾಟ್ಸ್‌ಆ್ಯಪ್‌ನಲ್ಲಿ ಬರುವುದಿಲ್ಲ. ಪ್ಲೇ ಸ್ಟೋರ್‌ನಿಂದ ಅಥವಾ ಫೋನಿನ ಸೆಟ್ಟಿಂಗ್ಸ್ ಒಳಗಿಂದಲೇ ಬರುತ್ತದೆ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಫೋನಿನ ಮಾತು ಬಂದದ್ದರಿಂದ ಇನ್ನೊಂದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಇಳಿದರು. ಒಂದೊಂದು ಕೆಲಸಕ್ಕೆ ಒಂದೊಂದು ಮೊಬೈಲ್ ಆ್ಯಪ್ ಹೇರಿದ ಒತ್ತಡ ಅವರ ದೂರುಗಳಲ್ಲಿ ಮುಖ್ಯವಾಗಿತ್ತು. ಬೆಳೆ ಸಮೀಕ್ಷೆಯ ಆ್ಯಪ್ ಅಂತೂ ಹಂಗಾಮಿಗೊಂದು. ಹೊಲದಲ್ಲಿ ನಿಂತವರ ಫೋನಿಗೆ ನೆಟ್‌ವರ್ಕ್ ಅರ್ಧ ಗೆರೆ, ಜಾಗ ತುಂಬಿದೆ, ‘ಹೊಸ ಆವೃತ್ತಿ ಹಾಕದೆ ಮುಂದೆ ಹೋಗಲಾಗದು’ ಎಂದು ಆ್ಯಪ್ ಕೂತುಬಿಡುತ್ತದೆ. ಅಪ್‌ಡೇಟ್ ಕಡ್ಡಾಯ ಮಾಡುವವರು ಅದನ್ನು ಹಾಕಿಕೊಳ್ಳುವ ಜಾಗ ಯಾವುದು ಎಂದು ಒಮ್ಮೆ ನೋಡಬೇಕು. ತೊಗರಿ ಕಟಾವಿನ ಹೊತ್ತಿಗೆ ಹೊಲದ ನಡುವೆ ಬರುವ ಕಡ್ಡಾಯ ಫೀಚರ್ ಅಪ್‌ಡೇಟ್‌ನಿಂದ ಯಾರಿಗೂ ಲಾಭವಿಲ್ಲ. ಅಂಥದ್ದು ಹಂಗಾಮು ಶುರುವಾಗುವ ಮೊದಲೇ, ಕಚೇರಿಯ ವೈಫೈ ಸಿಗುವಲ್ಲಿಯೇ ಮುಗಿಯಬೇಕು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡ ಬಗೆ: ಇಡೀ ವಿಂಡೋಸ್ ಬದಲಾಗುವುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಕಂಪ್ಯೂಟರ್ ಎಂದಿನಂತೆ ಓಡುತ್ತದೆ, ಹೊಸ ದೋಷ ಸಿಕ್ಕರೆ ಮಾತ್ರ ಮೊದಲಿನಂತೆ ತಾನಾಗಿ ಪ್ಯಾಚ್ ಬರುವುದಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮ ಡಿಟಿಪಿ ಅಂಗಡಿಗಳ, ಶಾಲೆಗಳ, ಪಂಚಾಯಿತಿಗಳ ಯಂತ್ರಗಳಲ್ಲಿ ಎಷ್ಟೋ ಆ ಮಟ್ಟ ಮುಟ್ಟುವುದಿಲ್ಲ. ಮುಟ್ಟಿದರೂ ಹಳೆಯ ಪೇಜ್‌ಮೇಕರ್, ಡಾಂಗಲ್ ಹಾಕಿ ನಡೆಸುವ ಹಳೆಯ ಲಿಪಿ ತಂತ್ರಾಂಶ ಹೊಸದರಲ್ಲಿ ಓಡೀತೇ ಎಂಬ ಭಯ. ಮದುವೆ ಕಾರ್ಡು, ಕರಪತ್ರ, ಸಂಘದ ವರದಿ ಎಲ್ಲವೂ ವರ್ಷಗಳಿಂದ ಆ ಕಡತಗಳಲ್ಲೇ ಕೂತಿವೆ. ಆ ಭಯ ನನಗೆ ಅರ್ಥವಾಗುತ್ತದೆ. ಅಂಥವರಿಗೆ ಒಂದು ದಾರಿ ಇದೆ: ಆ ಹಳೆಯ ಯಂತ್ರವನ್ನು ಡಿಸೈನ್ ಕೆಲಸಕ್ಕಷ್ಟೇ ಇಟ್ಟು ಇಂಟರ್‌ನೆಟ್ ತಂತಿ ಕಿತ್ತುಬಿಡಿ. ಬ್ಯಾಂಕು, ಆಧಾರ್, ಅರ್ಜಿಗಳ ಕೆಲಸಕ್ಕೆ ಪ್ಯಾಚ್ ಬರುವ ಬೇರೆ ಯಂತ್ರ ಇರಲಿ.

ಮನೆ ಬಳಕೆಯ ವಿಂಡೋಸ್ 10ಕ್ಕೆ, ಸೆಟ್ಟಿಂಗ್ಸ್‌ನಲ್ಲಿ ಹೆಸರು ನೋಂದಾಯಿಸಿದರೆ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪ್ಯಾಚ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಸಂಸ್ಥೆಗಳಿಗಾದರೆ ಹೆಚ್ಚೆಂದರೆ ಮೂರು ವರ್ಷ. ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ತಾಲ್ಲೂಕು ಮಟ್ಟದ ಕಚೇರಿ, ಶಾಲೆ, ಸಹಕಾರ ಸಂಘಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ: ಬರುವ ಸೋಮವಾರ ನಿಮ್ಮಲ್ಲಿರುವ ಕಂಪ್ಯೂಟರುಗಳನ್ನು ಎಣಿಸಿ, ಯಾವುದರಲ್ಲಿ ಯಾವ ವಿಂಡೋಸ್ ಇದೆ, ಕೊನೆಯ ಭದ್ರತಾ ಪ್ಯಾಚ್ ಯಾವ ತಾರೀಖಿನದು ಎಂದು ಒಂದು ಹಾಳೆಯಲ್ಲಿ ಬರೆಯಿಸಿ, ಪ್ಯಾಚ್ ಬರುವುದೇ ನಿಂತಿರುವ ಯಂತ್ರಗಳ ಪಟ್ಟಿಯನ್ನು ಮೇಲಿನ ಕಚೇರಿಗೆ ಲಿಖಿತವಾಗಿ ಕಳಿಸಿ.